ಅಡ್ಮಿನ್ ಸಾಹೇಬರ ಸ್ವಾಗತ

ಹಾನಗಲ್ಲಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ನಾನು, ಸುತ್ತಲಿನ ತಾಲೂಕುಗಳ ಮೆಕ್ಯಾನಿಕ್‌ಗಳ ವಾಟ್ಸಾಪ್ ಗುಂಪನ್ನು ತಡವಾಗಿ ಸೇರಿದೆ. ಸೇರಿದ ಕೂಡಲೇ ಅಡ್ಮಿನ್ ಸಾಹೇಬರ ಧ್ವನಿ ಸಂದೇಶ ಬಂತು: “ಬರ್ರಿ ಉಸ್ತಾದ್, ಚಾ ಆತೇನ್ರಿ?”

ಅವರ ಊರು ಸವಣೂರಿಗೆ ಹೋದಾಗ ಅವರ ಅಂಗಡಿ ಹುಡುಕಿದೆ. ಬಾಗಿಲು ಹಾಕಿತ್ತು. ಪಕ್ಕದ ಮನೆಯಿಂದ ಅವರ ಹೆಂಡತಿ ಬಂದರು.

“ಅವರು ತೀರಿಕೊಂಡು ವರ್ಷ ಆತ್ರಿ, ಭಾಯಿ. ಫೋನ್ ನನ್ನ ಕಡೆ ಐತಿ. ಹೊಸಬರು ಬಂದ್ರ ಅವರ ಹಳೇ ಮಾತನ್ನ ಕಳಸ್ತೇನಿ. ಸುಮ್ಮನ ಹಚ್ಚಿ ಕೇಳಾಕ ಧೈರ್ಯ ಸಾಲೂದಿಲ್ಲ. ಯಾರರ ಬಂದ್ರ ಕೇಳಾಕ ಒಂದು ನೆವ ಸಿಗತೈತಿ. ಈಗೀಗ ಯಾರೂ ಬರವಲ್ರು.”

ಅಂದಿನಿಂದ ಕಂಡಕಂಡವರಿಗೆಲ್ಲ ಆ ಗುಂಪು ಸೇರಲು ಹೇಳುತ್ತಿದ್ದೇನೆ. ಮೊನ್ನೆ ಸೇರಿದವನು ತಿಳವಳ್ಳಿಯ ದರ್ಜಿ. ಅವನ ಹತ್ತಿರ ಇರುವುದು ಹೊಲಿಗೆ ಯಂತ್ರದ ಒಂದೇ ಮೋಟಾರು, ಅದೂ ಕೆಟ್ಟಿಲ್ಲ.