ಹತ್ತು ನಿಮಿಷ ಸರಿಯಾಗಿ ಓಡುವ ಟಿವಿ

ನಮ್ಮ ಮನೆಯ ಟಿವಿ ಮೊದಲ ಸಲ ತಡವರಿಸಿದ್ದು ಒಂದು ಸೋಮವಾರ ಬೆಳಿಗ್ಗೆ. ವಾರ್ತೆ ಓದುತ್ತಿದ್ದ ಹೆಣ್ಣುಮಗಳು ತೆರೆದ ಬಾಯಿಯಲ್ಲೇ ನಿಂತುಬಿಟ್ಟಳು. ಆಮೇಲೆ ಎರಡು ವಾಕ್ಯ ನುಂಗಿಕೊಂಡು ಮೂರನೆಯದಕ್ಕೆ ಹಾರಿದಳು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಬಿಟ್ಟು ಕಾಫಿ ಮುಗಿಸುತ್ತಿದ್ದರು. ನಾನು ತೋಟದ ಗೇಟಿನ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಬೆಳಗೋಡಿನವರೆಗೆ ಹೋದವನು ವಾಪಸ್ ಬಂದು ನೋಡುವ ಪೈಕಿ.

ಆ ವಾರ ಚಿಂತೆ ಮಾಡುವುದಕ್ಕೆ ಕಾರಣವೂ ಇತ್ತು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹತ್ತನೇ ತರಗತಿಯ ಮಕ್ಕಳಿಗೆ ಪರೀಕ್ಷೆಗೆ ಮುಂಚೆ ಒಂದು ಚಾನೆಲ್ಲಿನಲ್ಲಿ ಪಾಠ ಮಾಡಿ, ಫೋನಿನಲ್ಲಿ ಬರುವ ಪ್ರಶ್ನೆಗಳಿಗೆ ಉತ್ತರ ಹೇಳುವ ನೇರ ಪ್ರಸಾರಕ್ಕೆ ಅವಳನ್ನು ಕರೆದಿದ್ದರು. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದು. ಬೆಂಗಳೂರಿನ ಸ್ಟುಡಿಯೋ. ಒಂದೇ ಒಂದು ಗಂಟೆ, ಮತ್ತೆ ತೋರಿಸುವುದಿಲ್ಲ.

ಅವಳಿಗಿಂತ ಹೆಚ್ಚು ಆ ಗಂಟೆಗೆ ಕಾದು ಕೂತಿದ್ದವರು ನಮ್ಮ ಅತ್ತೆ. ಮಳೆಗಾಲದ ಶುರುವಿನಲ್ಲಿ ಕೆ. ಹೊಸಕೋಟೆಯ ಮನೆಯಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ರಾಡು ಹಾಕಿಸಿಕೊಂಡು ನಮ್ಮಲ್ಲಿಗೆ ಬಂದವರು ಇನ್ನೂ ವಾಕರ್ ಹಿಡಿದೇ ನಡೆಯುತ್ತಿದ್ದರು. ಮಗಳನ್ನು ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿ ಆಲೂರಿಗೆ ಓದಲು ಕಳಿಸಿದ್ದು ಅವರೇ, ಮನೆಯ ಹಿರಿಯರೆಲ್ಲ ಬೇಡವೆಂದರೂ.

"ಇವ್ಳನ್ನ ಓದ್ಸಕ್ಕೆ ನಾನು ಬೈಸ್ಕಂಡಿದ್ದು ಒಂದಾ ಎರಡಾ ಅಳಿಯಂದ್ರೇ? ಆದ್ರೆ ಅವ್ಳು ಪಾಠ ಹೇಳೋದ್ನ ಒಂದಿನಾನೂ ಕಂಡಿಲ್ಲ ಕಣ್ರೀ," ಎಂದು ಆ ವಾರ ಅವರು ದಿನಕ್ಕೊಂದು ಸಲ ಹೇಳಿದರು. ಹೇಳಿ ಟಿವಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಯಾಕೆಂದರೆ ಆ ಟಿವಿ ನನ್ನ ಸೃಷ್ಟಿ. ಮೂರು ವರ್ಷದ ಹಿಂದೆ, ಯಾರೋ ಕಚೇರಿಯಲ್ಲಿ ಬಳಸಿ ಬಿಸಾಡಿದ ಕಂಪ್ಯೂಟರ್ ತಂದು, ಅದಕ್ಕೆ ಡಿಶ್ಶಿನ ಕೇಬಲ್ ಸೀದಾ ಚುಚ್ಚುವ ಒಂದು ಟ್ಯೂನರ್ ಕಾರ್ಡ್ ಸೇರಿಸಿ, ಗೋಡೆಯ ದೊಡ್ಡ ಟಿವಿಗೆ ಜೋಡಿಸಿದ್ದೆ. ನೇರ ಪ್ರಸಾರ, ರೆಕಾರ್ಡಿಂಗ್, ಹಳೆಯ ಹಾಡು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಸೆಟ್‌ಟಾಪ್ ಬಾಕ್ಸ್ ಇನ್ನು ಯಾಕೆ ಬೇಕು ಎಂದು ಅದನ್ನು ತೋಟದ ಲೈನ್ ಮನೆಯಲ್ಲಿದ್ದ ಒಂದು ಕೂಲಿ ಸಂಸಾರಕ್ಕೆ ಕೊಟ್ಟುಬಿಟ್ಟಿದ್ದೆ. ಆ ಸಂಸಾರ ಮರು ವರ್ಷ ಬೇರೆ ಎಸ್ಟೇಟಿಗೆ ಹೋಯಿತು, ಬಾಕ್ಸೂ ಜೊತೆಗೆ ಹೋಯಿತು.

ಸೋಮವಾರ ನಾನು ಕಂಪ್ಯೂಟರನ್ನು ಆರಿಸಿ, ತೋಟಕ್ಕೆ ಒಂದು ಸುತ್ತು ಹೋಗಿ ಬಂದು, ಹಚ್ಚಿದೆ. ಚಿತ್ರ ಬೆಣ್ಣೆಯ ಹಾಗೆ ಬಂತು. "ಸರಿಹೋಯ್ತು," ಎಂದೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ತಡವರಿಕೆ.

ಮಂಗಳವಾರ ಡಿಶ್ಶಿನ ಮೇಲೆ ಅನುಮಾನ ಬಂತು. ಸಿಲ್ವರ್ ಓಕಿನ ಒಂದು ಕೊಂಬೆ ಅದರ ಮುಂದೆ ಬಾಗಿತ್ತು. ಕತ್ತಿ ಹಿಡಿದು ಹೆಂಚಿನ ಮೇಲೆ ಹತ್ತಿದೆ. ಹೆಂಡತಿ ಶಾಲೆಗೆ ಹೋಗಿದ್ದಳು, ಹಾಗಾಗಿ ಕೆಳಗಿನಿಂದ ವರದಿ ಕೊಡುವ ಕೆಲಸ ಅತ್ತೆಯದು.

"ಈಗ ಹೆಂಗೆ ಬರ್ತಿದೆ ಅತ್ತೆ?"

"ಆ ಸೊಸೆ ಭಾಳ ಅಳ್ತಾ ಅವ್ಳೆ ಕಣ್ರೀ."

"ಅದಲ್ಲ, ಚಿತ್ರ! ಚಿತ್ರ ಹೆಂಗೈತೆ?"

"ಚಿತ್ರ ಏನು ಬಂತು, ಆ ಮನೇರೇ ಸರಿ ಇಲ್ಲ. ಗಂಡ ಅನ್ನೋನು ಬಾಯೇ ಬಿಡಲ್ಲ, ಕಂಬ ನಿಂತಂಗೆ ನಿಂತವ್ನೆ!"

ಧಾರಾವಾಹಿಯ ಆ ಗಂಡ ನಿಂತಿದ್ದು ನಿಜವಾಗಿ ನಿಂತಿದ್ದೋ, ನನ್ನ ಟಿವಿ ನಿಲ್ಲಿಸಿದ್ದೋ ತಿಳಿಯಲು ಕೆಳಗಿಳಿದು ಬರಬೇಕಾಯಿತು. ಎರಡು ಹೆಂಚು ಒಡೆದಿದ್ದೆ. ಕಂಪ್ಯೂಟರ್ ಆರಿಸಿ ಹೆಂಚು ಬದಲಾಯಿಸಿ ಬಂದು ಹಚ್ಚಿದರೆ ಚಿತ್ರ ಸೊಗಸಾಗಿತ್ತು. ಅತ್ತೆಗೂ ಹೇಳಿದೆ, ಕೊಂಬೆಯದೇ ತಪ್ಪು ಎಂದು. ಹತ್ತು ನಿಮಿಷ ಕಳೆಯಿತು.

ಹೀಗೇ ವಾರ ಸಾಗಿತು. ಗೇಟಿನ ಹತ್ತಿರ ಮಾತ್ರ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ಅಲ್ಲಿ ಕಲ್ಲಿನ ಮೇಲೆ ಕೂತು ಜಗತ್ತಿನಲ್ಲಿ ಯಾರ್ಯಾರ ಟಿವಿ ಹೇಗೆ ಹೇಗೆ ನಿಂತಿದೆ ಎಂದು ಓದಿದೆ. ಪರದೆ ಸೆಕೆಂಡಿಗೆ ಐವತ್ತು ಸಲ ಮಿನುಗಬೇಕಾದದ್ದು ಅರವತ್ತು ಸಲ ಮಿನುಗುತ್ತಿದೆಯಂತೆ. ಬದಲಾಯಿಸಿದೆ. ಟ್ಯೂನರಿನ ತಂತ್ರಾಂಶ ಹಳೆಯದಂತೆ. ಹೊಸದು ಹಾಕಿದೆ. ಒಂದು ಮಧ್ಯಾಹ್ನವಂತೂ ಕಾಫಿ ಹಣ್ಣು ಸುಲಿಯುವ ಪಲ್ಪರ್ ಓಡುತ್ತಿರುವುದರಿಂದ ಕರೆಂಟು ಇಳಿಯುತ್ತಿದೆ ಎಂದು ಹೊಳೆದು, ಅರ್ಧ ಸುಲಿದ ಹಣ್ಣಿನ ಮೇಲೆ ಪಲ್ಪರ್ ನಿಲ್ಲಿಸಿದೆ. ಕೆಲಸದವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ಹಾಡು ಹಾಕಿದರೆ ನಿಲ್ಲುತ್ತಿರಲಿಲ್ಲ, ನೇರ ಪ್ರಸಾರ ಮಾತ್ರ ನಿಲ್ಲುತ್ತಿತ್ತು. ಅದೂ ಪ್ರತಿ ರಿಪೇರಿಯ ನಂತರ ಹತ್ತು ನಿಮಿಷ ಚೆನ್ನಾಗಿ ಓಡಿ, ನನ್ನ ಮುಖದಲ್ಲಿ ಗೆಲುವು ಮೂಡುವವರೆಗೆ ಕಾದು, ಆಮೇಲೆ ನಿಲ್ಲುತ್ತಿತ್ತು.

"ಪಕ್ಕದ ತೋಟದವರ ಬಾಕ್ಸ್ ಒಂದು ದಿನಕ್ಕೆ ಇಸ್ಕೊಂಡು ಬರಬಾರದೇನ್ರೀ?" ಎಂದಳು ಹೆಂಡತಿ, ಶುಕ್ರವಾರ.

ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಆದರೆ ಪಕ್ಕದ ತೋಟದವನ ಮುಂದೆ ನನ್ನ ಪೆಟ್ಟಿಗೆಯ ಬಗ್ಗೆ ಮೂರು ವರ್ಷದಿಂದ ಕೊಚ್ಚಿಕೊಂಡಿದ್ದೆ. "ನಿನ್ನ ಬಾಕ್ಸು ಎಸೆದು ಬಿಡು ಮಾರಾಯ," ಎಂದೂ ಹೇಳಿದ್ದೆ. ಹೋಗಿ ಕೇಳುವುದು ಹೇಗೆ? ಶನಿವಾರ ಹೆಂಡತಿಯನ್ನು ಮಧ್ಯಾಹ್ನದ ಬಸ್ಸು ಹತ್ತಿಸಿ, ನಾಚಿಕೆ ಬಿಟ್ಟು ಅವನ ಮನೆಗೆ ಹೋದೆ. ಬೀಗ. ಮೂಡಿಗೆರೆಯ ಕಡೆ ಮದುವೆಗೆ ಹೋಗಿದ್ದಾರೆ ಎಂದು ನಾಯಿಗೆ ಅನ್ನ ಹಾಕಲು ಬಂದ ಹೆಂಗಸು ಹೇಳಿದಳು.

ಭಾನುವಾರ ಒಂಬತ್ತಕ್ಕೇ ಅತ್ತೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಟಿವಿಯ ಮುಂದೆ ಕುರ್ಚಿಯಲ್ಲಿ ಕೂತಾಗಿತ್ತು. ಟಿವಿಯಲ್ಲಿ ಬರುವ ಮಗಳಿಗೆ ತಾವು ಕಾಣುವುದಿಲ್ಲ ಎಂದು ಅವರಿಗೆ ಹೇಳುವ ಮನಸ್ಸು ನನಗಾಗಲಿಲ್ಲ. ಯಾವುದೋ ಭಜನೆ ಬರುತ್ತಿತ್ತು. ಎರಡು ನಿಮಿಷಕ್ಕೊಮ್ಮೆ ತಾಳ ಗಾಳಿಯಲ್ಲೇ ನಿಲ್ಲುತ್ತಿತ್ತು. ನಾನು ಮಾಡಬಹುದಾದದ್ದೆಲ್ಲ ಮಾಡಿ ಮುಗಿಸಿದ್ದೆ. ಸುಮ್ಮನೆ ನೆಲದ ಮೇಲೆ ಕೂತಿದ್ದೆ.

ಒಂಬತ್ತೂವರೆಗೆ ಅತ್ತೆ ವಾಕರ್ ಹಿಡಿದು ಎದ್ದರು. "ಆ ಸೌತೆ ಬೀಜದ ಗಂಟು ಏನಾಗೈತೋ ಒಸಿ ನೋಡ್ತೀನಿ. ಸುಮ್ಕೆ ಕೂತಿದ್ರೆ ಎದೆ ಹೊಡ್ಕೊಳ್ತದೆ," ಎನ್ನುತ್ತ ಕಂಪ್ಯೂಟರ್ ಇಟ್ಟ ಕಪಾಟಿನ ಹಿಂದೆ ಕೈ ಹಾಕಿದರು. ಹಾಕಿದವರು ಕೂಗಿದರು.

"ಅಯ್ಯೋ! ಬೀಜ ಸುಡ್ತಾ ಐತಲ್ರೀ! ಹಿಂಗೆ ಕಾದ್ರೆ ಒಂದಾದ್ರೂ ಹುಟ್ತದಾ? ಇಲ್ಲಿಡಿ ಅಂದೋರು ನೀವೇ ಅಲ್ವಾ?"

ನಾನೇ. ಸೌತೆಕಾಯಿ ಹಣ್ಣಾದ ಮೇಲೆ ಬೀಜ ತೆಗೆದು, ಒಲೆಯ ಬೂದಿಯಲ್ಲಿ ಹೊರಳಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿ ನೇತುಹಾಕಿದರೆ ಮುಂದಿನ ಮಳೆಯವರೆಗೆ ಹುಳ ಹಿಡಿಯುವುದಿಲ್ಲ. ಅತ್ತೆ ತಮ್ಮ ಮನೆಯಲ್ಲಿ ಮಾಡುತ್ತಿದ್ದದ್ದೇ ಹಾಗೆ. ನಮ್ಮ ಮನೆಯಲ್ಲಿ ನೀರೊಲೆಯಿಂದ ಬೂದಿ ಸಿಗುತ್ತದೆ, ಅಟ್ಟ ಮಾತ್ರ ಇಲ್ಲ, ಅಡುಗೆಯೆಲ್ಲ ಗ್ಯಾಸಿನಲ್ಲಿ. ಮಳೆಗಾಲದಲ್ಲಿ ಅವರು ಗಂಟು ಹಿಡಿದು ಬೆಚ್ಚಗಿನ ಜಾಗ ಹುಡುಕುತ್ತಿದ್ದಾಗ ನಾನು ದೊಡ್ಡ ಮೇಧಾವಿಯ ಹಾಗೆ, "ಈ ಕಂಪ್ಯೂಟರಿನ ಬೆನ್ನಿಂದ ಬಿಸಿಗಾಳಿ ಬರುತ್ತೆ ಅತ್ತೆ, ಇಲ್ಲೇ ಕಟ್ಟಿಬಿಡೋಣ," ಎಂದು ಮೊಳೆ ಹೊಡೆದು, ಗಾಳಿಕಿಂಡಿಗೆ ಒತ್ತಿ ಕಟ್ಟಿದ್ದೆ. ಆಮೇಲೆ ಮರೆತಿದ್ದೆ. ಚಿಂತೆ ಮಾಡುವವನಿಗೆ ಬೇಕಾದದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ನೆನಪಿರುತ್ತದೆ.

ಗಂಟು ಬಿಚ್ಚಿ, ಕಂಪ್ಯೂಟರಿನ ಪಕ್ಕದ ತಗಡು ಕಳಚಿದೆ. ಒಳಗೆ ಬೂದಿಯೋ ಬೂದಿ. ಗಂಟಿನಿಂದ ಉದುರಿದ್ದು ಸಂದು ಸಂದಿನಲ್ಲೂ ಸೇರಿ, ಮಳೆಗಾಲದ ತೇವ ಕುಡಿದು, ಪ್ರೊಸೆಸರಿನ ಮೇಲಿನ ಸಣ್ಣ ಫ್ಯಾನಿನ ಕೆಳಗೆ ಗೋಡೆಗೆ ಬಳಿದ ಗಾರೆಯಾಗಿತ್ತು. ಪಾಪದ ಪ್ರಾಣಿ ಹಚ್ಚಿದ ಹತ್ತು ನಿಮಿಷ ತಣ್ಣಗಿದ್ದು, ಕಾದ ಮೇಲೆ ಸುಟ್ಟುಹೋಗಬಾರದೆಂದು ತಾನೇ ನಿಧಾನ ಮಾಡಿಕೊಳ್ಳುತ್ತಿತ್ತು. ಹಾಡು ಹಗುರದ ಕೆಲಸ, ಹೇಗೋ ತಳ್ಳುತ್ತಿತ್ತು. ನೇರ ಪ್ರಸಾರ ಹೊರಲಾಗುತ್ತಿರಲಿಲ್ಲ. ಡಿಶ್ಶು, ಕೊಂಬೆ, ಪಲ್ಪರ್ ಎಲ್ಲವೂ ನಿರಪರಾಧಿಗಳು. ನಾನು ಒಬ್ಬೊಬ್ಬರನ್ನೇ ಶಿಕ್ಷಿಸುವಾಗಲೆಲ್ಲ ಅದನ್ನು ಆರಿಸಿ ತಣಿಯಲು ಬಿಡುತ್ತಿದ್ದೆ, ಅಷ್ಟೇ.

ಗಂಟೆ ಹತ್ತಾಗಲು ಹದಿನೈದು ನಿಮಿಷ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದೆ. ಮೇಲಿನ ಬೂದಿ ಬಂತು, ಗಾರೆ ಬರಲಿಲ್ಲ. ಈ ಚಳಿಯ ಊರಿನಲ್ಲಿ ಟೇಬಲ್ ಫ್ಯಾನ್ ಇಟ್ಟುಕೊಂಡವರಿಲ್ಲ, ನಾವೂ ಇಟ್ಟುಕೊಂಡಿರಲಿಲ್ಲ.

"ಮೊರ ತಗಳ್ರೀ," ಎಂದರು ಅತ್ತೆ.

ಅಡುಗೆಮನೆಯಿಂದ ಮೊರ ತಂದು ಕಂಪ್ಯೂಟರ್ ಹಚ್ಚಿದೆ. ಯಂತ್ರದ ಹೊರೆ ಕಮ್ಮಿಯಾಗಲೆಂದು, ಈ ಕಾರ್ಯಕ್ರಮಕ್ಕೆ ಹೊಂದಿಸಿಟ್ಟಿದ್ದ ರೆಕಾರ್ಡಿಂಗ್ ರದ್ದು ಮಾಡಿದೆ. ಕಪಾಟಿನ ಹಿಂದಿನ ಸಂದಿನಲ್ಲಿ ಮಂಡಿಯೂರಿ, ತೆರೆದ ಪೆಟ್ಟಿಗೆಗೆ ಕಾಳು ಕೇರುವ ಮೊರದಿಂದ ಗಾಳಿ ಹಾಕತೊಡಗಿದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ವೈರು, ಜೇಡರ ಬಲೆ ಮತ್ತು ಅತ್ತೆಯ ವಾಕರಿನ ಎರಡು ಕಾಲು.

"ಬಂದ್ಲು!" ಎಂದರು ಅತ್ತೆ. "ನೀಲಿ ಸೀರೆ."

"ನಿಲ್ತಾ ಇದೆಯಾ?"

"ಇಲ್ಲ. ನೀವು ನಿಲ್ಲಬ್ಯಾಡಿ, ಬೀಸಿ."

ಹೆಂಡತಿಯ ದನಿ ಕೇಳುತ್ತಿತ್ತು. ಮನೆಯಲ್ಲಿ ನಾನು ಕೇಳುವ ದನಿಯಲ್ಲ ಅದು, ಇನ್ನೂ ನಿಧಾನ, ಇನ್ನೂ ಗಟ್ಟಿ. ತ್ರಿಭುಜಗಳ ಬಗ್ಗೆ ಏನೋ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಬ್ಬಳು ಹುಡುಗಿ ಫೋನಿನಲ್ಲಿ, ಎಷ್ಟು ಸಲ ಮಾಡಿದರೂ ಉತ್ತರ ತಪ್ಪು ಬರುತ್ತಿದೆ ಮಿಸ್ ಎಂದು ಅಳುದನಿ ತೆಗೆದಳು. "ಪುಸ್ತಕದ ಮೇಲೆ ಅನುಮಾನ ಪಡಬೇಡ ಪುಟ್ಟಾ. ಮೊದಲು ನೀನು ಬರೆದ ಮೊದಲನೇ ಸಾಲು ನೋಡು," ಎಂದಳು ಇವಳು. ನಾನು ಮೊರವನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಒಮ್ಮೆಲೇ ವಾಕರಿನ ಕಾಲುಗಳು ಟಿವಿಯ ಕಡೆಗೆ ಸರಿದವು. ಚಿತ್ರ ನಿಂತಿತೇನೋ ಎಂದು ಇನ್ನೂ ಜೋರಾಗಿ ಬೀಸಿದೆ.

"ಏನಾಯ್ತು ಅತ್ತೆ?"

"ಎಡಗೈಲಿ ಬರೀತಾ ಅವ್ಳೆ."

"ಯಾರು?"

"ಇವ್ಳೇ ಕಣ್ರೀ. ಬೋರ್ಡ್ ಮೇಲೆ. ಎಡಗೈಲಿ."

ಅವಳು ಮನೆಯಲ್ಲಿ ಪೇಪರ್ ತಿದ್ದುವುದು ಬಲಗೈಯಲ್ಲಿ. ಚೀಟಿ ಬರೆಯುವುದು, ಊಟ ಮಾಡುವುದು, ನನ್ನತ್ತ ಬೆರಳು ತೋರಿಸುವುದು, ಎಲ್ಲ ಬಲಗೈಯಲ್ಲಿ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಕಂಡಿಲ್ಲದ್ದನ್ನು ಅತ್ತೆ ಕಾಣುತ್ತಿದ್ದರು. ಎದ್ದು ಇಣುಕಬೇಕೆನಿಸಿತು. ಎದ್ದರೆ ಗಾಳಿ ನಿಲ್ಲುತ್ತದೆ.

"ಸ್ಲೇಟಲ್ಲಿ ಎಡಗೈಲಿ ಬರೀತಾಳೆ ಅಂತ ನಾನೇ ಬರೆ ಬರಂಗೆ ಹೊಡೆದಿದ್ದೆ," ಎಂದರು ಅತ್ತೆ, ನನಗಲ್ಲ. "ಬುಟ್ಟೇ ಇಲ್ಲ ನೋಡು."

ಹನ್ನೊಂದರವರೆಗೆ ನಾನು ಬೀಸಿದೆ. ಚಿತ್ರ ಒಂದು ಸಲವೂ ನಿಲ್ಲಲಿಲ್ಲವಂತೆ.

ಹೆಂಡತಿ ಸಂಜೆ ಬಂದವಳೇ ಚಪ್ಪಲಿ ಬಿಡುತ್ತ ಕೇಳಿದಳು: "ನೋಡಿದ್ರಾ? ಹೆಂಗಿತ್ತು? ರೆಕಾರ್ಡ್ ಆಯ್ತಾ?"

ರೆಕಾರ್ಡ್ ಆಗಲಿಲ್ಲ ಎಂದೆ. ನಾನು ನೋಡಲಿಲ್ಲ ಎಂದೂ ಹೇಳಬೇಕಾಯಿತು. ಪೆಟ್ಟಿಗೆಯ ಹಿಂದೆ ಮೊರ ಹಿಡಿದು ಒಂದು ಗಂಟೆ ಕೂತ ಕಥೆಯನ್ನು ಅವಳು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಕೇಳಿದಳು. ನಗಬೇಕೋ ಬೈಯಬೇಕೋ ತೀರ್ಮಾನವಾಗದೆ ಅಮ್ಮನ ಕಡೆ ತಿರುಗಿದಳು.

"ಎಡಗೈಲಿ ಬರೆದೆ," ಎಂದರು ಅತ್ತೆ.

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದನ್ನು ನಾನು ನೋಡಿದೆ. ಐವತ್ತರ ಹತ್ತಿರದ ಹೆಂಗಸು. "ಬೋರ್ಡ್ ಮುಂದೆ ನಿಂತ್ರೆ ಬಲಗೈ ಬರೋದೇ ಇಲ್ಲಮ್ಮ. ಯಾವಾಗ್ಲೂ ಅಷ್ಟೇ."

ಅತ್ತೆ ಮಗಳ ಕೈ ಅಡಗಿದ ಜಾಗವನ್ನೇ ನೋಡಿದರು.

"ಅಕ್ಷರ ದುಂಡಗೆ ಇತ್ತು," ಎಂದರು.

ಹೆಂಡತಿ ಒಳಗೆ ಹೋಗಿ ಮೂರು ಲೋಟ ಕಾಫಿ ತಂದಳು. ನನ್ನ ಬಲಗೈ ಭುಜದವರೆಗೆ ಮರದ ಕೊರಡಾಗಿತ್ತು, ಎತ್ತಲು ಆಗಲಿಲ್ಲ. ಲೋಟವನ್ನು ಎಡಗೈಯಲ್ಲಿ ಹಿಡಿದೆ. ಅತ್ತೆ ನೋಡಿದರು. "ಕುಡೀರಿ, ಆರೋಗ್ತದೆ," ಎಂದರು.