ರಾಷ್ಟ್ರಾಧ್ಯಕ್ಷರಿಗೆ ಕೇಳಿಸಿದ ತುಳು

ಇಂಥ ಕಥೆಗಳನ್ನು ಬೇರೆಯವರು ಶುರುಮಾಡಿದರೆ ಮೆಲ್ಲಗೆ ಎದ್ದು ಚಹಾ ಮಾಡಲು ಹೋಗುವವಳು ನಾನು. ನನ್ನ ಕಸುಬು ಫಿಸಿಯೋಥೆರಪಿ. ಮೂಳೆ, ಸ್ನಾಯು, ಕೀಲು, ಹೀಗೆ ಕೈಗೆ ಸಿಗುವುದನ್ನಷ್ಟೇ ನಂಬಿ ಬದುಕಿದವಳು. ಹಾಗಾಗಿ ಇದನ್ನು ಓದುತ್ತಾ ನೀವು ಅರ್ಧದಲ್ಲೇ ಎದ್ದುಹೋದರೆ ನನಗೇನೂ ಬೇಸರವಿಲ್ಲ.

ಆಗ ನಾನು ಕುವೈತಿನ ಸಾಲ್ಮಿಯಾದಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ. ಮಂಡಿಯ ಆಪರೇಷನ್ ಆದ ಆಫ್ರಿಕಾದ ಹಿರಿಯರೊಬ್ಬರನ್ನು ನನ್ನ ಬಳಿ ಕಳಿಸಿದರು. ಮಗಳು ಅಲ್ಲೇ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಅವಳ ಮನೆಗೆ ಬಂದವರು ಮೆಟ್ಟಿಲಲ್ಲಿ ಜಾರಿದ್ದರು. ಒಂದು ಕಾಲದಲ್ಲಿ ತಮ್ಮ ದೇಶದ ಅಧ್ಯಕ್ಷರಾಗಿದ್ದವರು ಎಂದು ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಮಗಳೇ ಹೇಳಿದಳು. ದೇಶದ ಹೆಸರು ಬರೆಯುವುದಿಲ್ಲ, ಅವರಿಗೆ ಅದು ಇಷ್ಟವಾಗಲಾರದು. ನಾನು ‘ಎಕ್ಸಲೆನ್ಸಿ’ ಎಂದಾಗ ಅವರು ಕೈಯಾಡಿಸಿ, “ಟೀಚರ್ ಅನ್ನಿ. ಅಧ್ಯಕ್ಷನಾಗಿದ್ದು ಕೆಲವೇ ತಿಂಗಳು, ಭೂಗೋಳ ಕಲಿಸಿದ್ದು ಅರ್ಧ ಆಯುಷ್ಯ” ಎಂದರು.

ಅವರಂಥ ರೋಗಿ ಅಪರೂಪ. ನೋವಾದರೂ ಹಾಸ್ಯ ಬಿಡುತ್ತಿರಲಿಲ್ಲ. ಹಳ್ಳಿ ಶಾಲೆಯಿಂದ ಅಧ್ಯಾಪಕರ ಸಂಘಕ್ಕೆ, ಸಂಘದಿಂದ ಜೈಲಿಗೆ, ಜೈಲಿನಿಂದ ಪಾರ್ಲಿಮೆಂಟಿಗೆ, ಕೊನೆಗೆ ಸಭಾಧ್ಯಕ್ಷರ ಕುರ್ಚಿಗೆ ಬಂದ ಕಥೆಯನ್ನು ಕಾಲು ಮಡಿಸಿ ನೀಡುತ್ತಲೇ ಹೇಳುತ್ತಿದ್ದರು. ಅಲ್ಲಿನ ಅಧ್ಯಕ್ಷರು ಹಠಾತ್ತನೆ ತೀರಿಕೊಂಡಾಗ, ಚುನಾವಣೆ ಆಗುವವರೆಗೆ ದೇಶ ನಡೆಸುವ ಭಾರ ಸಂವಿಧಾನದ ಪ್ರಕಾರ ಇವರ ಮೇಲೆ ಬಿತ್ತು. “ನನ್ನ ಫೋಟೋಗೆ ಕಟ್ಟು ಹಾಕಿಸುವಷ್ಟರಲ್ಲಿ ಇಳಿಯುವ ಹೊತ್ತಾಯಿತು” ಎಂದು ನಗುತ್ತಿದ್ದರು.

ಮಂಡಿ ಸ್ವಲ್ಪ ಸುಧಾರಿಸಿದ ಮೇಲೆ ಮರದ ಮೆಟ್ಟಿಲು ಹತ್ತಿಸಿ ಇಳಿಸುವುದು ನಮ್ಮ ಕ್ರಮ. ಅವರ ಜೊತೆ ನಾನು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವಳಲ್ಲ. ಒಂದು ಮಧ್ಯಾಹ್ನ, ಅವರಿಗಿಂತ ಮೊದಲು ಉಡುಪಿ ಕಡೆಯ ಅಜ್ಜಿಯೊಬ್ಬರಿಗೆ ವ್ಯಾಯಾಮ ಮಾಡಿಸಿದ್ದೆ. ನಾಲಿಗೆ ಇನ್ನೂ ತುಳುವಿನಲ್ಲೇ ಇತ್ತು. ಟೀಚರ್ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರು. ನಾನು ಹಿಂದೆಮುಂದೆ ನೋಡದೆ, “ಯಾವು, ಜಪ್ಪುಲೆ” ಎಂದೆ.

ಅವರು ಇಳಿಯಲಿಲ್ಲ. ಎರಡೂ ಕೈಯಿಂದ ಕಂಬಿಗೆ ಜೋತುಬಿದ್ದರು. ತಲೆ ತಿರುಗಿತೇನೋ ಎಂದು ಓಡಿ ಹಿಡಿದುಕೊಂಡೆ.

“ಏನೆಂದಿರಿ? ಇನ್ನೊಮ್ಮೆ ಹೇಳಿ.”

ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, ಮೆಲ್ಲಗೆ ಇಳಿದು ಕುರ್ಚಿಯಲ್ಲಿ ಕೂತರು. “ಇದೇ ಮಾತು. ದನಿಯೂ ಇದೇ” ಎಂದರು.

ಆಮೇಲೆ ವಿವರಿಸಿದರು. ಚುನಾವಣೆ ಹತ್ತಿರ ಬಂದಾಗ ಸೇನೆಯವರೂ ಮಂತ್ರಿಗಳೂ ಅದನ್ನು ಮುಂದೆ ಹಾಕಿ ಎಂದು ಹಿಂದೆ ಬಿದ್ದಿದ್ದರಂತೆ. ಹಾಗೆ ಮಾಡಿದರೆ ವಿರೋಧಿಗಳು ಬೀದಿಗಿಳಿಯುತ್ತಾರೆ, ರಕ್ತ ಹರಿಯುತ್ತದೆ ಎಂದು ಇವರಿಗೆ ಗೊತ್ತಿತ್ತು. “ಆದರೂ ಆಸೆಯಾಗಿತ್ತು. ಆ ಕುರ್ಚಿ ಅಂಥದ್ದು. ಸಂಜೆ ಬನ್ನಿ, ಒಪ್ಪಿಗೆ ಕೊಡುತ್ತೇನೆ ಎಂದು ಹೇಳಿಯೂ ಆಗಿತ್ತು.” ಮಧ್ಯಾಹ್ನದ ಊಟ ಮುಗಿಸಿ ಅಧ್ಯಕ್ಷರ ಅರಮನೆಯಂಥ ಮನೆಯಲ್ಲಿ ಒಬ್ಬರೇ ಸೋಫಾದ ಮೇಲೆ ಒರಗಿದ್ದಾಗ, ಬಾಗಿಲ ಆಚೆ ಹೆಂಗಸೊಬ್ಬಳ ದನಿ ಈ ಎರಡು ಮಾತು ಹೇಳಿತು. ಸಿಟ್ಟಿಲ್ಲ, ಅವಸರವಿಲ್ಲ. ಹೋಗಿ ನೋಡಿದರೆ ಹೊರಗೆ ಕಾವಲುಗಾರ ಮಾತ್ರ; ಯಾರೂ ಬಂದಿಲ್ಲ ಎಂದ. ಮಾತಿನ ಅರ್ಥ ಇವರಿಗೆ ತಿಳಿಯಲಿಲ್ಲ. ಆದರೆ ಎದೆಯೊಳಗಿನ ಬಿಗಿತ ಅಷ್ಟು ಹೊತ್ತಿಗೆ ಸಡಿಲವಾಗಿತ್ತಂತೆ. ಸಂಜೆ ಬಂದವರಿಗೆ, ಚುನಾವಣೆ ಹೇಳಿದ ದಿನವೇ ನಡೆಯುತ್ತದೆ, ನಾನು ನಿಲ್ಲುವುದಿಲ್ಲ ಎಂದುಬಿಟ್ಟರು. ನಡೆಯಿತು. ಒಂದು ಗುಂಡೂ ಹಾರಲಿಲ್ಲ.

“ಅರ್ಥ ಏನು?” ಎಂದು ಕೇಳಿದರು.

“ಸಾಕು, ಇಳಿಯಿರಿ ಅಂತ.”

ಅವರು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನನಗೂ ನಗು ಬಂತು, ಮೈಯೆಲ್ಲ ಜುಮ್ಮೆನ್ನುತ್ತಿದ್ದರೂ.

ನಮ್ಮ ವಾರ್ಡಿನ ನರ್ಸ್ ಫ್ಲಾವಿಯಾ ಬಾಯಿ, ಮಂಗಳೂರಿನವರು, ಇದನ್ನು ಕೇಳಿ ತಲೆಯಾಡಿಸಿದರು. “ಎಂತದೂ ಇಲ್ಲ ಮಾರಾಯ್ತಿ. ನೀವು ದಿನಾ ಆ ಅಜ್ಜಿ ಹತ್ರ ತುಳು ಮಾತಾಡೋದು ಅವರ ಕಿವಿಗೆ ಬಿದ್ದಿರ್ತದೆ. ವಯಸ್ಸಾದವರು, ಕನಸಿಗೂ ನೆನಪಿಗೂ ಗೊತ್ತಾಗೋದಿಲ್ಲ.” ಇದು ನನಗೆ ಸರಿ ಎನಿಸಿತು. ಆ ದಿನ ನೆಮ್ಮದಿಯಿಂದ ಮಲಗಿದೆ.

ಮರುದಿನ ತಂದೆಯನ್ನು ಕರೆದುಕೊಂಡು ಬಂದ ಮಗಳಿಗೆ ಈ ವಿಷಯ ಹೇಳಿದೆ. ಅವಳು ನನ್ನನ್ನೇ ದಿಟ್ಟಿಸಿದಳು. “ಜಪ್ಪುಲೆ? ಅದು ನಮ್ಮ ನಾಯಿಯ ಹೆಸರು. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಅಪ್ಪ ತಂದ ಮರಿ. ಎಲ್ಲಿಯ ಹೆಸರು ಅಂದರೆ, ನನ್ನನ್ನು ಕಾಪಾಡಿದ ಹೆಸರು ಅನ್ನುತ್ತಿದ್ದರು. ಅದು ಸತ್ತೇ ಎಷ್ಟೋ ವರ್ಷವಾಯಿತು.” ಫ್ಲಾವಿಯಾ ಬಾಯಿ ಪಕ್ಕದಲ್ಲೇ ಇದ್ದರು. ಶಿಲುಬೆಯ ಗುರುತು ಮಾಡಿಕೊಂಡರು.

ಬುಡದಿಂದ ವಿಚಾರಿಸಿದೆ. ಆ ಮನೆಯಲ್ಲಿ ಭಾರತೀಯರು ಯಾರಾದರೂ ಇದ್ದರೇ? ಇಲ್ಲ. ಆ ಊರಿನಲ್ಲಿ ನಮ್ಮ ಕಡೆಯ ಅಂಗಡಿ, ಹೋಟೆಲು? ಇದ್ದರೂ ಇವರಿಗೆ ಗೊತ್ತಿಲ್ಲ. ಟೀಚರಿಗೆ ಮಾತ್ರ ಈ ತನಿಖೆ ತಮಾಷೆಯಾಗಿತ್ತು. “ಇಷ್ಟು ವರ್ಷ ಅರ್ಥ ಗೊತ್ತಿಲ್ಲದೆಯೂ ಸುಖವಾಗಿದ್ದೆ. ಈಗ ಅರ್ಥವೂ ಸಿಕ್ಕಿತು. ಇನ್ನೇನು ಬೇಕು?” ಎಂದರು. ಕೆಲವು ವಾರಗಳಲ್ಲಿ ಕೋಲು ಬಿಟ್ಟು ನಡೆಯುತ್ತಾ ಊರಿಗೆ ಹೋದರು. ಹೋಗುವ ಮೊದಲು ನನ್ನ ಮಕ್ಕಳಿಗೆ ಒಂದು ಡಬ್ಬ ಖರ್ಜೂರ ಕೊಟ್ಟು, ನನ್ನ ತಲೆ ಮುಟ್ಟಿ ಹರಸಿದರು.

ಅವರು ಅಧ್ಯಕ್ಷರಾಗಿದ್ದ ಕಾಲದಲ್ಲಿ ನಾನು ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಪಾಸ್‌ಪೋರ್ಟ್ ಕೂಡ ಇರಲಿಲ್ಲ. ‘ಜಪ್ಪುಲೆ’ ಎನ್ನುವುದು ಹಿರಿಯರಿಗೆ, ಗೌರವ ಕೊಡಬೇಕಾದವರಿಗೆ ಹೇಳುವ ಮಾತು, ಗೆಳತಿಯರಿಗೆ ಹಾಗೆನ್ನುವುದಿಲ್ಲ. ಅವರಿಗೆ ಆ ದನಿ ಕೇಳಿಸಿದ ಮಧ್ಯಾಹ್ನ ನಾನು ಎಲ್ಲಿದ್ದೆ, ಯಾರನ್ನು ಇಳಿಯಲು ಹೇಳಿದ್ದೆ, ಎಷ್ಟು ಯೋಚಿಸಿದರೂ ಈವರೆಗೆ ನೆನಪಾಗಿಲ್ಲ.