ನೋವಿಲ್ಲದ ಗಂಟು

ಮೊನ್ನೆ ನನ್ನ ಮೊಣಕಾಲಿಗೆ ಕಟ್ಟಲೆಂದು ಸೊಸೆ ಎಕ್ಕೆ ಎಲೆಗೆ ಹರಳೆಣ್ಣೆ ಸವರಿ ಹಂಚಿನ ಮೇಲೆ ಬಿಸಿ ಮಾಡಿದಳು. ಆ ವಾಸನೆ ಮೂಗಿಗೆ ಬಡಿಯುತ್ತಲೇ ಕಾಲು ಹಿಂದಕ್ಕೆಳೆದುಕೊಂಡೆ. "ಬ್ಯಾಡವ್ವಾ, ಒಯ್ದುಬಿಡು" ಎಂದೆ.

ನಿಜಾಮರ ಕಾಲ. ಕುಷ್ಟಗಿಯ ಒಣನೆಲದಲ್ಲಿ ಬೆಳೆದವಳು ನಾನು, ಹದಿನಾಲ್ಕಕ್ಕೆ ಸೊಸೆಯಾಗಿ ಆನೆಗೊಂದಿಗೆ ಬಂದೆ. ಅಲ್ಲಿನ ಹೊಳೆಯಷ್ಟು ನೀರನ್ನು ಎಂದೂ ಕಂಡಿರಲಿಲ್ಲ. ಹೊಳೆಗಿಳಿಯಲು ಅಂಜುತ್ತಿದ್ದ ನನ್ನ ಕೈ ಹಿಡಿದು ಇಳಿಸಿದವಳು ಪಕ್ಕದ ಮನೆಯ ದೊಡ್ಡವ್ವ. ಬಾಳೆ ತೋಟದವರು. ಗಟ್ಟಿ ದನಿಯ, ಜೋರು ನಗೆಯ ಹೆಂಗಸು.

ಯುಗಾದಿ ಮುಗಿದ ವಾರವಿರಬೇಕು... ಬಚ್ಚಲಿಗೆ ಕರೆದು ನನ್ನ ಬೆರಳನ್ನು ತನ್ನ ಎಡ ಎದೆಯ ಮೇಲಿಟ್ಟುಕೊಂಡಳು. ಚರ್ಮದ ಕೆಳಗೆ ಹುಣಸೆಬೀಜದಂಥ ಗಟ್ಟಿ ಗಂಟು.

"ನೋವೇ ಇಲ್ಲ ನೋಡು ತಂಗಿ. ನೋವಿಲ್ಲದ್ದು ಜಡ್ಡು ಹೆಂಗಾಗತೈತಿ?"

"ಗಂಗಾವತಿ ದವಾಖಾನಿಗೆ ತೋರಸೋಣಲ್ಲ ದೊಡ್ಡವ್ವಾ?"

"ಅಲ್ಲಿರೋರು ಗಂಡಸರು. ಎದಿ ಬಿಚ್ಚಿ ನಿಲ್ಲಲೇನು? ಯಾರ ಮುಂದೂ ಬಾಯಿ ಬಿಡಬ್ಯಾಡ. ನನ್ನಾಣಿ ಐತಿ."

ಆಣೆ ಮುರಿದರೆ ಆಕೆ ಸಾಯುತ್ತಾಳೆಂದು ನಾನು ನಂಬಿದ್ದೆ. ಸುಮ್ಮನಾದೆ.

ಅಂದಿನಿಂದ ದಿನಾ ಬೆಳಿಗ್ಗೆ ಎಕ್ಕೆ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಆ ಗಂಟಿಗೆ ಕಟ್ಟುವುದು ನನ್ನ ಕೆಲಸವಾಯಿತು. ದೊಡ್ಡವ್ವ ಹೇಮಗುಡ್ಡದ ದುರ್ಗಮ್ಮನಿಗೆ ಹರಕೆಯನ್ನೂ ಹೊತ್ತಳು. ಗಂಟು ಕರಗಲಿಲ್ಲ, ದೀಪಾವಳಿ ಹೊತ್ತಿಗೆ ನಿಂಬೆಕಾಯಿಯಷ್ಟಾಯಿತು. ಚಳಿಗಾಲ ಕಳೆಯುವಷ್ಟರಲ್ಲಿ ಮೇಲಿನ ಚರ್ಮ ಬಿರಿದು ಒಸರತೊಡಗಿತು. ತನ್ನ ಎಂಟು ವರ್ಷದ ಮಗಳು ತೊಡೆ ಏರಲು ಬಂದರೆ ದೂರ ತಳ್ಳುತ್ತಿದ್ದಳು. ಆ ಕೂಸು ಕಂಬ ಹಿಡಿದು ನಿಂತು ಅಳುತ್ತಿತ್ತು. ನಾನು ಉಸಿರು ಬಿಗಿಹಿಡಿದು ಬಟ್ಟೆ ಕಟ್ಟುತ್ತಿದ್ದೆ. ಮೀಯುವಾಗ ನನ್ನ ಎದೆಯನ್ನೂ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೆ. ಅದು ನನಗೂ ಅಂಟಿದೆ ಎಂದೇ ಅನಿಸುತ್ತಿತ್ತು...

ಮರುವರ್ಷದ ಮಳೆಗಾಲಕ್ಕೆ ಆಕೆಯ ತೋಳು ಬಾತು ಕೊಡ ಎತ್ತಲಾಗದಂತಾಯಿತು. ಆಗಲೇ ಆಕೆಯ ಗಂಡನಿಗೆ ಗೊತ್ತಾದದ್ದು. ಆ ಮನುಷ್ಯ ಬಯ್ಯಲಿಲ್ಲ, ಗೋಡೆಗೆ ಒರಗಿ ಕೂತುಬಿಟ್ಟ. ಹೊಳೆಯ ಆಚೆ ಇಂಗ್ಲಿಷರ ಸೀಮೆಯ ಊರೊಂದರ ಆಸ್ಪತ್ರೆಯಲ್ಲಿ ಹೆಣ್ಣು ಡಾಕ್ಟರು ಇದ್ದಾರೆಂದು ಯಾರೋ ಹೇಳಿದರು. ಆದರೆ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. "ಈ ನೀರಾಗ ಹರಗೋಲ ಹಾಕಾಂಗಿಲ್ರಿ" ಎಂದ ಅಂಬಿಗ. ಹನ್ನೆರಡು ದಿನ ದಂಡೆಗೆ ಹೋಗಿ ನೀರು ನೋಡಿ ಬಂದೆವು. ಹದಿಮೂರನೆಯ ದಿನ ದಾಟಿದೆವು. ದುಂಡನೆಯ ಹರಿಗೋಲು ಗರಗರ ತಿರುಗುತ್ತಿದ್ದರೆ ನಾನು ಆಕೆಯನ್ನು ತಬ್ಬಿ ಕಣ್ಣು ಮುಚ್ಚಿಕೊಂಡಿದ್ದೆ.

ಡಾಕ್ಟರಮ್ಮ ಬಟ್ಟೆ ಬಿಚ್ಚಿ ನೋಡಿ ಕೇಳಿದರು, "ಎಷ್ಟು ದಿನ ಆಯ್ತಮ್ಮ?"

"ಒಂದ ತಿಂಗಳಾತ್ರಿ" ಎಂದಳು ದೊಡ್ಡವ್ವ.

ಅವರು ನನ್ನತ್ತ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.

ಅವರು ನಂಬಿದಂತೆ ಕಾಣಲಿಲ್ಲ. ಗಂಡನನ್ನು ಹೊರಗೆ ಕರೆದರು. ಬಾಗಿಲ ಬಳಿ ನಿಂತಿದ್ದ ನನಗೂ ಕೇಳಿಸಿತು: "ಸಣ್ಣದಿದ್ದಾಗ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು. ಈಗ ತೋಳಿಗೆಲ್ಲ ಹಬ್ಬಿದೆ."

ಮರಳುವಾಗ ನೀರು ಶಾಂತವಾಗಿತ್ತು. ದೊಡ್ಡವ್ವ ಮೆಲ್ಲಗೆ ಅಂದಳು, "ಎಷ್ಟು ಮೆತ್ತಗ ಮುಟ್ಟಿದಳಲ್ಲ ಆಕಿ... ನಾ ಸುಮ್ಮನ ಹೆದರಿದ್ದೆ, ತಂಗಿ."

ಮುಂದಿನ ದೀಪಾವಳಿಗೆ ಆಕೆ ಇರಲಿಲ್ಲ.

ಎಷ್ಟೋ ವರ್ಷದ ಮೇಲೆ, ಆ ಮಗಳೂ ಮಕ್ಕಳ ತಾಯಿಯಾದ ಮೇಲೆ, ಒಮ್ಮೆ ಕೇಳಿದಳು: "ಅಕ್ಕಾ, ನಮ್ಮವ್ವಗ ಮೊದಲ ಗೊತ್ತಾಗಿರಲಿಲ್ಲೇನು? ನಿನಗರ ಹೇಳಿದ್ದಳೇನು?"

"ಇಲ್ಲವ್ವಾ" ಎಂದೆ. ಅವಳು ನನ್ನನ್ನು ಹೇಗೆ ನೋಡಿಯಾಳೋ ಎಂಬ ಅಂಜಿಕೆ.

ಕಳೆದ ವರ್ಷ ಅವಳೂ ತೀರಿಕೊಂಡಳು. ಈಗ ಬಾಯಿ ಬಿಡಲು ಯಾವ ಆಣೆಯ ಭಯವೂ ಇಲ್ಲ. ಕೇಳಬೇಕಾದವರೂ ಇಲ್ಲ...